ಮೂರೆಳೆ ಹಗ್ಗದ ಗುಟ್ಟು ಬಿಡಿಸಿದ ಜಿ.ಎನ್. ರಾಮಚಂದ್ರನ್

ಬೆಂಗಳೂರಿನ ಪೂರ್ವಕ್ಕೆ, ವೈಟ್‌ಫೀಲ್ಡ್‌ಗೆ ಹೋಗುವ ದಾರಿಯಲ್ಲಿ ಮಹದೇವಪುರ ಸಿಗುತ್ತದೆ. ದೊಡ್ಡ ರಸ್ತೆಯಿಂದ ನೋಡಿದರೆ ಗಾಜಿನ ಕಟ್ಟಡಗಳೇ ಕಾಣುತ್ತವೆ. ಕೈಗಾರಿಕಾ ಪ್ರದೇಶದ ಅಡ್ಡರಸ್ತೆಗಳನ್ನು ಹೊಕ್ಕರೆ ಬೇರೆಯೇ ನೋಟ. ತಗಡಿನ ಮಾಡಿನ ಶೆಡ್ಡುಗಳು, ಲೇತ್ ಯಂತ್ರದ ಸದ್ದು, ಕಬ್ಬಿಣದ ತಗಡು ಕತ್ತರಿಸುವ ಪ್ರೆಸ್‌ಗಳು. ಅಲ್ಲಿ ಕೆಲಸ ಮಾಡುವವರೊಬ್ಬರ ಮಣಿಕಟ್ಟಿಗೆ ತಗಡಿನ ಹರಿತವಾದ ಅಂಚು ತಗುಲಿತು ಎಂದುಕೊಳ್ಳಿ. ಆಸ್ಪತ್ರೆಯಲ್ಲಿ ಹೊಲಿಗೆ ಹಾಕುತ್ತಾರೆ. ಎರಡು ಮೂರು ವಾರದಲ್ಲಿ ಚರ್ಮ ಕೂಡಿಕೊಳ್ಳುತ್ತದೆ. ಆದರೆ ಅವರು ಬಿಸಿ ಕಾಫಿ ಲೋಟ ಹಿಡಿದರೆ ಹೆಬ್ಬೆರಳಿಗೂ ತೋರುಬೆರಳಿಗೂ ಬಿಸಿಯೇ ಗೊತ್ತಾಗುವುದಿಲ್ಲ! ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುವುದಿಲ್ಲ. ಜೇಬಿನಲ್ಲಿ ಕೈ ಹಾಕಿದರೆ ಸಿಕ್ಕಿದ್ದು ನಾಣ್ಯವೋ ಬೀಗದ ಕೈಯೋ ತಿಳಿಯುವುದಿಲ್ಲ.

ಗಾಯ ಮಾಗಿದೆ. ಹಾಗಾದರೆ ಕೆಟ್ಟದ್ದು ಏನು? ಚರ್ಮದ ಕೆಳಗೆ ಹಾದುಹೋಗುವ ನರ ತುಂಡಾಗಿದೆ. ಬೆರಳಿನಿಂದ ಮಿದುಳಿಗೆ ಸುದ್ದಿ ಒಯ್ಯುವ ತಂತಿ ಅದು. ಚರ್ಮದಂತೆ ಅದು ಎರಡು ವಾರದಲ್ಲಿ ಕೂಡಿಕೊಳ್ಳುವುದಿಲ್ಲ. ಅದಕ್ಕೆ ಬೆಳೆಯಲು ದಾರಿ ಬೇಕು.

ಆ ದಾರಿಯನ್ನು ಈಗ ವೈದ್ಯರು ಒಂದು ಪುಟ್ಟ ನಳಿಕೆಯಿಂದ ಮಾಡಿಕೊಡಬಲ್ಲರು. ಆ ನಳಿಕೆ ಕೊಲಾಜೆನ್ ಎಂಬ ಪ್ರೋಟೀನಿನದು. ಕೊಲಾಜೆನ್ ಒಳಗಿನಿಂದ ಹೇಗಿದೆ ಎಂಬುದನ್ನು ಮೊದಲು ಸರಿಯಾಗಿ ಊಹಿಸಿ ತೋರಿಸಿದವರು ಭಾರತದ ವಿಜ್ಞಾನಿ. ವಿಜ್ಞಾನ ಕಲಿತದ್ದು ನಮ್ಮ ಬೆಂಗಳೂರಿನಲ್ಲಿ. ಮುಂದೆ ಮತ್ತೆ ಇಲ್ಲಿಗೇ ಬಂದು ದುಡಿದರು. ಅವರ ಹೆಸರು ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್. ವಿಜ್ಞಾನಿಗಳ ನಡುವೆ ಅವರು ಜಿ.ಎನ್.ಆರ್.

ವಿಭಾಗ ಬದಲಿಸಿದ ಹುಡುಗ

ರಾಮಚಂದ್ರನ್ 1922ರ ಅಕ್ಟೋಬರ್ 8ರಂದು ಕೇರಳದ ಎರ್ನಾಕುಲಂನಲ್ಲಿ ಜನಿಸಿದರು. ತಂದೆ ನಾರಾಯಣ ಅಯ್ಯರ್ ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಮನೆಯಲ್ಲೇ ಗಣಿತದ ಮೇಷ್ಟ್ರು ಇದ್ದರೆ ಹೇಗಿರುತ್ತದೆ ಯೋಚಿಸಿ! ಹುಡುಗನಿಗೆ ಮಾತ್ರ ಅದು ಹೊರೆ ಎನಿಸಲಿಲ್ಲ. ಲೆಕ್ಕವೆಂದರೆ ಅವರಿಗೆ ಕೊನೆಯವರೆಗೂ ಪ್ರೀತಿಯೇ. ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತವಿಜ್ಞಾನ ಓದಿ, 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಬೆಂಗಳೂರಿನ ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವುದು ಈ ಸಂಸ್ಥೆಯನ್ನೇ.

ಅವರು ಸೇರಿದ್ದು ವಿದ್ಯುತ್ ಎಂಜಿನಿಯರಿಂಗ್‌ಗೆ. ಆಗ ಅಲ್ಲಿ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರು ಯಾರು ಗೊತ್ತೇ? ನೊಬೆಲ್ ಪಡೆದ ಸರ್ ಸಿ.ವಿ. ರಾಮನ್! ಹುಡುಗನ ಮನಸ್ಸು ಭೌತವಿಜ್ಞಾನದ ಕಡೆಗೇ ಎಳೆಯುತ್ತಿತ್ತು. ಅವನ ಬುದ್ಧಿ ಎಂಥದೆಂದು ರಾಮನ್ ಅವರಿಗೆ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಅವರು ಹುಡುಗನನ್ನು ತಮ್ಮ ವಿಭಾಗಕ್ಕೆ ಕರೆದುಕೊಂಡರು. ಹೀಗೆ ಎಂಜಿನಿಯರ್ ಆಗಬೇಕಿದ್ದವರು ವಿಜ್ಞಾನಿಯಾದರು.

ರಾಮನ್ ಅವರ ಬಳಿ ಕಲಿತದ್ದು ಮುಖ್ಯವಾಗಿ ಬೆಳಕು, ಹರಳು ಮತ್ತು ಕ್ಷ-ಕಿರಣಗಳ ವಿಚಾರ. 1947ರಿಂದ 1949ರವರೆಗೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕ್ಷ-ಕಿರಣಗಳ ಮೇಲೆ ಇನ್ನಷ್ಟು ಅಧ್ಯಯನ ನಡೆಯಿತು. ಮತ್ತೆ ಬೆಂಗಳೂರಿಗೆ ಬಂದು ಪಾಠ ಹೇಳುತ್ತಿದ್ದಾಗ, ಮದ್ರಾಸು ವಿಶ್ವವಿದ್ಯಾಲಯದವರು ತಮ್ಮ ಭೌತವಿಜ್ಞಾನ ವಿಭಾಗ ಕಟ್ಟಲು ರಾಮನ್ ಅವರನ್ನೇ ಕರೆದರು. ರಾಮನ್ ತಾವು ಹೋಗಲಿಲ್ಲ. ಶಿಷ್ಯನ ಹೆಸರು ಹೇಳಿ ಕಳುಹಿಸಿದರು. 1952ರಲ್ಲಿ ಮೂವತ್ತರ ಆಸುಪಾಸಿನ ರಾಮಚಂದ್ರನ್ ಒಂದು ವಿಭಾಗದ ಮುಖ್ಯಸ್ಥರಾಗಿಬಿಟ್ಟರು.

ಏನಿದು ಕೊಲಾಜೆನ್?

ಮುಖ್ಯಸ್ಥರೇನೋ ಆದರು. ಯಾವ ವಿಷಯದ ಮೇಲೆ ಕೆಲಸ ಮಾಡುವುದು? ಆ ದಿನಗಳಲ್ಲಿ ಜೆ.ಡಿ. ಬರ್ನಾಲ್ ಎಂಬ ಹೆಸರಾಂತ ವಿಜ್ಞಾನಿ ಮದ್ರಾಸಿಗೆ ಬಂದಿದ್ದರು. ಕೊಲಾಜೆನ್ನಿನ ರಚನೆ ಇನ್ನೂ ಯಾರಿಗೂ ಬಗೆಹರಿದಿಲ್ಲ ಎಂಬ ವಿಚಾರ ಮಾತಿನ ನಡುವೆ ಬಂತು. ರಾಮಚಂದ್ರನ್ ಅದನ್ನೇ ಹಿಡಿದುಕೊಂಡರು.

ಕೊಲಾಜೆನ್ ನಿಮಗೂ ಗೊತ್ತು, ಹೆಸರು ಗೊತ್ತಿಲ್ಲ ಅಷ್ಟೆ. ನಮ್ಮ ದೇಹದ ಪ್ರೋಟೀನುಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಅದೇ. ಚರ್ಮಕ್ಕೆ ಗಟ್ಟಿತನ ಕೊಡುವುದು ಅದು. ಮೂಳೆಯಲ್ಲಿ ಸುಣ್ಣದ ಅಂಶದ ಜೊತೆ ಹೆಣೆದುಕೊಂಡಿರುವುದು ಅದು. ನಿಮ್ಮ ಹಿಮ್ಮಡಿಯ ಮೇಲ್ಭಾಗವನ್ನು ಮುಟ್ಟಿ ನೋಡಿ, ಹಗ್ಗದಂತೆ ಬಿಗಿಯಾದುದು ಸಿಗುತ್ತದೆ. ಅದು ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು; ನೀರನ್ನು ಬಿಟ್ಟರೆ ಅದರ ಬಹುಪಾಲು ಕೊಲಾಜೆನ್. ಕೆಲವರ ಮನೆಯಲ್ಲಿ ಕಾಲು ಸೂಪು ಮಾಡುತ್ತಾರಲ್ಲ, ಅದು ಆರಿದ ಮೇಲೆ ಜೆಲ್ಲಿಯಂತೆ ಗಟ್ಟಿಯಾಗುವುದನ್ನು ನೋಡಿರಬಹುದು. ಬಹಳ ಹೊತ್ತು ಕುದಿಸಿದಾಗ ಕೊಲಾಜೆನ್ ಬಿಚ್ಚಿಕೊಂಡು ಜೆಲಾಟಿನ್ ಆಗುತ್ತದೆ. ಹಿಂದಿನವರು ಇದರಿಂದಲೇ ಬಡಗಿಯ ಅಂಟು ಕಾಯಿಸುತ್ತಿದ್ದರು. ಕೊಲಾಜೆನ್ ಎಂಬ ಗ್ರೀಕ್ ಮೂಲದ ಹೆಸರಿಗೂ ಅಂಟು ಕೊಡುವುದು ಎಂದೇ ಅರ್ಥ.

ಚಪ್ಪಲಿಯ ತೊಗಲು ಕೂಡ ಹದ ಮಾಡಿದ ಕೊಲಾಜೆನ್ನೇ. ಆದ್ದರಿಂದ ರಾಮಚಂದ್ರನ್ ಅವರಿಗೆ ಒಂದು ಅನುಕೂಲ ಆಯಿತು. ಅವರ ವಿಭಾಗದ ಸಮೀಪದಲ್ಲೇ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇತ್ತು. ಕೊಲಾಜೆನ್‌ಗಾಗಿ ದೂರ ಹೋಗಬೇಕಾಗಿರಲಿಲ್ಲ. ಆದರೆ ಎಲ್ಲ ಕೊಲಾಜೆನ್ ಒಂದೇ ಸಮನಾಗಿ ಕ್ಷ-ಕಿರಣ ಚಿತ್ರ ಕೊಡುವುದಿಲ್ಲ. ಎಳೆಗಳು ಒಪ್ಪವಾಗಿ ಒಂದೇ ದಿಕ್ಕಿಗೆ ಜೋಡಿಸಿಕೊಂಡಿರಬೇಕು. ಅವರಿಗೆ ಒಳ್ಳೆಯ ಚಿತ್ರ ಸಿಕ್ಕಿದ್ದು ಕಾಂಗರೂವಿನ ಬಾಲದ ಸ್ನಾಯುರಜ್ಜುವಿನಿಂದ! ಮದ್ರಾಸಿನ ಪ್ರಯೋಗಾಲಯದೊಳಗೆ ಕಾಂಗರೂವಿನ ಬಾಲ ಬಂದದ್ದು ನನಗಂತೂ ಈ ಕತೆಯಲ್ಲಿ ಬಹಳ ಇಷ್ಟವಾದ ಸಂಗತಿ.

ಕ್ಷ-ಕಿರಣ ಎಂದೊಡನೆ ಮುರಿದ ಕೈಯ ಚಿತ್ರ ನೆನಪಾಗಬಹುದು. ಇದು ಹಾಗಲ್ಲ. ರಾತ್ರಿ ದೂರದ ಬೀದಿದೀಪವನ್ನು ಬಿಚ್ಚಿದ ಛತ್ರಿಯ ಬಟ್ಟೆಯ ಮೂಲಕ ನೋಡಿ. ಒಂದು ದೀಪದ ಬದಲು ಸಾಲು ಸಾಲು ಚುಕ್ಕಿಗಳು ಕಾಣುತ್ತವೆ. ಬಟ್ಟೆಯ ನೂಲುಗಳು ಎಷ್ಟು ಹತ್ತಿರ ಇವೆಯೋ ಅದಕ್ಕೆ ತಕ್ಕಂತೆ ಚುಕ್ಕಿಗಳ ಅಂತರ ಇರುತ್ತದೆ. (ಸೂರ್ಯನನ್ನು ಮಾತ್ರ ಹೀಗೆ ಎಂದೂ ನೋಡಬಾರದು.) ಕ್ಷ-ಕಿರಣಗಳನ್ನು ಕೊಲಾಜೆನ್ ಮೂಲಕ ಹಾಯಿಸಿದರೂ ಫಿಲ್ಮಿನ ಮೇಲೆ ಹೀಗೆಯೇ ಚುಕ್ಕಿಗಳೂ ಮಸುಕು ಗೆರೆಗಳೂ ಮೂಡುತ್ತವೆ. ಅವನ್ನು ಅಳೆದು, ಪರಮಾಣುಗಳು ಹೇಗೆ ಜೋಡಣೆಯಾಗಿದ್ದರೆ ಇಂಥ ಚುಕ್ಕಿ ಬಂದೀತು ಎಂದು ಹಿಂದಕ್ಕೆ ಲೆಕ್ಕ ಹಾಕಬೇಕು. ಆಗ ಗಣಕಯಂತ್ರಗಳ ನೆರವು ಅವರಿಗಿರಲಿಲ್ಲ. ಕಾಗದ, ಪೆನ್ಸಿಲು, ಕೈಯಿಂದ ಜೋಡಿಸಿದ ಚೆಂಡು-ಕಡ್ಡಿಗಳ ಮಾದರಿ, ಜೊತೆಗೆ ಗೋಪಿನಾಥ್ ಕರ್ತಾ ಎಂಬ ತರುಣ ಸಹೋದ್ಯೋಗಿ. ಇಷ್ಟರಲ್ಲೇ ಕೆಲಸ ನಡೆಯಿತು.

ಹಗ್ಗ ಮತ್ತು ಚಂದ್ರ

ಪ್ರೋಟೀನು ಎಂದರೆ ಅಮೈನೋ ಆಮ್ಲಗಳ ಸರಪಳಿ. ಕೊಲಾಜೆನ್ನಿನ ಸರಪಳಿಯಲ್ಲಿ ಒಂದು ವಿಚಿತ್ರ ಇತ್ತು. ಅದರ ಕೊಂಡಿಗಳಲ್ಲಿ ಮೂರರಲ್ಲಿ ಒಂದು ಗ್ಲೈಸಿನ್. ಅಮೈನೋ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದು ಈ ಗ್ಲೈಸಿನ್. ಅಷ್ಟು ಚಿಕ್ಕದಕ್ಕೆ ಅಷ್ಟೊಂದು ಜಾಗ ಏಕೆ?

1954ರಲ್ಲಿ ರಾಮಚಂದ್ರನ್ ಮತ್ತು ಕರ್ತಾ ಉತ್ತರ ಕೊಟ್ಟರು. ಕೊಲಾಜೆನ್ನಿನಲ್ಲಿ ಒಂದಲ್ಲ, ಮೂರು ಸರಪಳಿಗಳು ಅಕ್ಕಪಕ್ಕದಲ್ಲಿ ನಿಂತಿವೆ. ಮೂರೂ ಸೇರುವ ನಡುವಿನಲ್ಲಿ ಜಾಗ ಬಹಳ ಇಕ್ಕಟ್ಟು. ಅಲ್ಲಿ ಗ್ಲೈಸಿನ್ ಬಿಟ್ಟು ಬೇರೆ ಯಾವುದೂ ಹಿಡಿಸುವುದಿಲ್ಲ. ತುಂಬಿದ ಆಟೋದಲ್ಲಿ ದೊಡ್ಡವರ ನಡುವೆ ಚಿಕ್ಕ ಮಗುವನ್ನು ಕೂರಿಸುತ್ತಾರಲ್ಲ, ಹಾಗೆ. ಆದ್ದರಿಂದಲೇ ಪ್ರತಿ ಮೂರನೆಯ ಕೊಂಡಿ ಗ್ಲೈಸಿನ್.

ಆದರೆ ಈ ಮಾದರಿ ಚುಕ್ಕಿಗಳಿಗೆ ಪೂರ್ತಿ ಹೊಂದಲಿಲ್ಲ. ಅವರು ಅದನ್ನು ಬಿಡದೆ ಯೋಚಿಸಿದರು. ಆಗ ಅವರಿಗೆ ಹೊಳೆದದ್ದು ಚಂದ್ರ ಎನ್ನುತ್ತಾರೆ. ಚಂದ್ರ ಭೂಮಿಯನ್ನು ಒಂದು ಸುತ್ತು ಬರುವಷ್ಟರಲ್ಲಿ ತಾನೂ ಒಂದು ಸುತ್ತು ತಿರುಗಿರುತ್ತಾನೆ. ಹೀಗಾಗಿ ಅವನ ಒಂದೇ ಮುಖ ನಮಗೆ ಕಾಣುತ್ತದೆ. ಕೊಲಾಜೆನ್ನಿನ ಸರಪಳಿಯೂ ಹಾಗೆ ಮಾಡಿದರೆ? ಒಂದೊಂದು ಸರಪಳಿ ತನ್ನಷ್ಟಕ್ಕೆ ಸುರುಳಿಯಾಗಿದ್ದು, ಮೂರೂ ಸೇರಿ ಮತ್ತೆ ಒಂದರ ಸುತ್ತ ಒಂದು ಸುತ್ತಿಕೊಂಡರೆ? ಆಗ ಎಷ್ಟೇ ಸುತ್ತಿದರೂ ಗ್ಲೈಸಿನ್ ಯಾವಾಗಲೂ ಒಳಮುಖವಾಗಿಯೇ ಉಳಿಯುತ್ತದೆ! 1955ರಲ್ಲಿ ಈ ಸುರುಳಿಯೊಳಗಿನ ಸುರುಳಿಯ ಮಾದರಿ ಪ್ರಕಟವಾಯಿತು. ಹೊರದೇಶದವರೂ ಅದನ್ನು ಮದ್ರಾಸ್ ಮಾದರಿ ಎಂದು ಕರೆದರು.

ನಮ್ಮ ಹಳ್ಳಿಗಳಲ್ಲಿ ತೆಂಗಿನ ನಾರಿನ ಹಗ್ಗ ಹೊಸೆಯುವವರಿಗೆ ಇದನ್ನು ತೋರಿಸಿದ್ದರೆ ನಕ್ಕುಬಿಡುತ್ತಿದ್ದರೇನೋ. ಅವರು ಮಾಡುವುದೂ ಇದನ್ನೇ.

ಮಾಡಿ ನೋಡಿ: ಮೂರು ಬಣ್ಣದ, ಒಂದೊಂದು ಮೀಟರ್ ಉದ್ದದ ದಪ್ಪ ದಾರ ತೆಗೆದುಕೊಳ್ಳಿ. ಮೂರು ಮಂದಿ ಗೆಳೆಯರು ಒಂದೊಂದು ದಾರವನ್ನು ಒಂದೇ ದಿಕ್ಕಿಗೆ ಬಿಗಿಯಾಗಿ ಹೊಸೆಯಿರಿ. ಈಗ ಮೂರನ್ನೂ ಒಟ್ಟಿಗೆ ಹಿಡಿದು, ಎದುರು ದಿಕ್ಕಿಗೆ ಹೊಸೆಯಿರಿ. ಕೈ ಬಿಟ್ಟರೂ ಹುರಿ ಬಿಚ್ಚುವುದಿಲ್ಲ. ಎಳೆಗಳು ಬಿಚ್ಚಿಕೊಳ್ಳಲು ಹೋದಷ್ಟೂ ಹಗ್ಗ ಬಿಗಿಯಾಗುತ್ತದೆ. ಕೊಲಾಜೆನ್ನಿನಲ್ಲೂ ಒಂದೊಂದು ಎಳೆ ಎಡಕ್ಕೆ ಸುತ್ತಿದ್ದರೆ, ಮೂರರ ಹುರಿ ಬಲಕ್ಕೆ ಸುತ್ತಿದೆ. ಅದರ ದಪ್ಪ ಮಾತ್ರ ಎಷ್ಟು ಕಡಿಮೆ ಎಂದರೆ, ಇಂಥ ಐವತ್ತು ಸಾವಿರದಷ್ಟು ಹುರಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ನಿಮ್ಮ ಒಂದು ತಲೆಗೂದಲಿನ ಅಗಲ ಆದೀತು.

ಇನ್ನೊಂದು ಮಾತು. ಈ ಹುರಿಯನ್ನು ಬಿಗಿಯಾಗಿ ಹಿಡಿದಿಡಲು ದೇಹಕ್ಕೆ ವಿಟಮಿನ್ ಸಿ ಬೇಕು. ಅದು ತಿಂಗಳುಗಟ್ಟಲೆ ಸಿಗದಿದ್ದರೆ ಹುರಿ ಸಡಿಲವಾಗಿ ಒಸಡಿನಲ್ಲಿ ರಕ್ತ ಬರುತ್ತದೆ, ಹಳೆಯ ಗಾಯ ಕೂಡ ಬಾಯಿ ಬಿಡುತ್ತದೆ. ಹಿಂದಿನ ಹಡಗಿನವರು ಈ ಸ್ಕರ್ವಿ ರೋಗದಿಂದ ಸಾಯುತ್ತಿದ್ದರು. ನೆಲ್ಲಿಕಾಯಿ, ಸೀಬೆಹಣ್ಣು ತಿನ್ನುವಾಗ ನೆನಪಿರಲಿ.

ತಪ್ಪು ತೋರಿಸಿದವರು

ಮಾದರಿ ಪ್ರಕಟವಾದ ಕೆಲವೇ ವಾರಗಳಲ್ಲಿ ಕೇಂಬ್ರಿಜ್‌ನಿಂದ ಆಕ್ಷೇಪ ಬಂತು. ಆಕ್ಷೇಪಿಸಿದವರು ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್. ಡಿಎನ್‌ಎ ರಚನೆಯನ್ನು ವಾಟ್ಸನ್ ಜೊತೆ ಕಂಡುಹಿಡಿದ ಅದೇ ಕ್ರಿಕ್. ಮೂರೆಳೆಯ ಹುರಿ ಎಂಬುದನ್ನು ಅವರೂ ಒಪ್ಪಿದರು. ಆದರೆ ಮದ್ರಾಸಿನವರ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರ ಬಂದಿವೆ ಎಂದರು. ಎಳೆಗಳನ್ನು ಹಿಡಿದಿಡುವ ಬಂಧಗಳ ಎಣಿಕೆಯಲ್ಲೂ ಅವರ ಮಾತು ಬೇರೆ. ಮುಂದೆ ನಡೆದ ಅಧ್ಯಯನಗಳು ಬಂಧಗಳ ವಿಷಯದಲ್ಲಿ ಕೇಂಬ್ರಿಜ್‌ನವರ ಕಡೆಗೇ ವಾಲಿದವು. ಮೂರೆಳೆಯ ಹುರಿ ಮಾತ್ರ ಅಲುಗಾಡದೆ ನಿಂತಿತು.

ಎದುರಿಗೆ ಕ್ರಿಕ್ ಅವರಂಥವರು ನಿಂತಾಗ ಬೇರೆ ಯಾರಾದರೂ ಸುಮ್ಮನಾಗುತ್ತಿದ್ದರೇನೋ, ಇಲ್ಲವೇ ಜಗಳಕ್ಕೆ ನಿಲ್ಲುತ್ತಿದ್ದರು. ರಾಮಚಂದ್ರನ್ ಒಂದು ಪ್ರಶ್ನೆ ಕೇಳಿಕೊಂಡರು. ಎರಡು ಪರಮಾಣುಗಳು ಎಷ್ಟು ಹತ್ತಿರ ಬರಬಹುದು? ಅದರ ಅಳತೆ ಏನು? ಆವರೆಗೆ ಪ್ರಕಟವಾಗಿದ್ದ ಹರಳುಗಳ ಅಳತೆಗಳನ್ನೆಲ್ಲ ಅವರ ತಂಡ ಜಾಲಾಡಿತು. ನಿಮ್ಮ ಮೊಣಕೈ ಮುಂದಕ್ಕೆ ಮಡಚುತ್ತದೆ, ಹಿಂದಕ್ಕೆ ಮಡಚುವುದಿಲ್ಲ ತಾನೇ? ಪ್ರೋಟೀನು ಸರಪಳಿಯ ಪ್ರತಿ ಕೊಂಡಿಗೂ ಹೀಗೆ ತಿರುಗಬಲ್ಲ ಕೋನಗಳೂ ತಿರುಗಲಾರದ ಕೋನಗಳೂ ಇವೆ. ತಿರುಗಿದರೆ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. 1963ರಲ್ಲಿ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಜೊತೆಗೂಡಿ ಅವರು ಇದನ್ನೆಲ್ಲ ಒಂದೇ ನಕ್ಷೆಯಲ್ಲಿ ತೋರಿಸಿದರು. ಅದೇ ರಾಮಚಂದ್ರನ್ ನಕ್ಷೆ. ಇವತ್ತಿಗೂ ಪ್ರಪಂಚದ ಯಾವ ಮೂಲೆಯಲ್ಲಿ ಹೊಸ ಪ್ರೋಟೀನಿನ ರಚನೆ ಬಿಡಿಸಿದರೂ ಅದು ಸರಿಯೇ ಎಂದು ಈ ನಕ್ಷೆಯಲ್ಲಿ ಇಟ್ಟು ನೋಡುತ್ತಾರೆ. ಆಕ್ಷೇಪ ಬಾರದೆ ಇದ್ದಿದ್ದರೆ ಈ ನಕ್ಷೆ ಹುಟ್ಟುತ್ತಿತ್ತೋ ಇಲ್ಲವೋ!

ಮತ್ತೆ ಬೆಂಗಳೂರು

1970ರ ದಶಕದ ಆರಂಭದಲ್ಲಿ ರಾಮಚಂದ್ರನ್ ಬೆಂಗಳೂರಿಗೆ ಮರಳಿದರು. ಭಾರತೀಯ ವಿಜ್ಞಾನ ಸಂಸ್ಥೆಗೆ ಆಗ ಸತೀಶ್ ಧವನ್ ನಿರ್ದೇಶಕರು. ಅವರ ಆಹ್ವಾನದ ಮೇಲೆ ಬಂದು ಅಣು ಜೀವಭೌತ ವಿಭಾಗವನ್ನು ಕಟ್ಟಿದರು. ಆ ವಿಭಾಗ ಇಂದಿಗೂ ಅಲ್ಲಿ ಕೆಲಸ ಮಾಡುತ್ತಿದೆ. 1971ರಲ್ಲಿ ಎ.ವಿ. ಲಕ್ಷ್ಮೀನಾರಾಯಣನ್ ಜೊತೆ ಇನ್ನೊಂದು ದೊಡ್ಡ ಕೆಲಸ ಮಾಡಿದರು. ಹಲವು ದಿಕ್ಕುಗಳಿಂದ ತೆಗೆದ ಕ್ಷ-ಕಿರಣ ನೆರಳುಗಳನ್ನು ಸೇರಿಸಿ ಒಳಗಿನ ಚಿತ್ರವನ್ನು ಬೇಗ ಲೆಕ್ಕ ಹಾಕುವ ವಿಧಾನ ಅದು. ಬಿದ್ದು ತಲೆಗೆ ಪೆಟ್ಟಾದವರಿಗೆ ಸಿ.ಟಿ. ಸ್ಕ್ಯಾನ್ ಮಾಡುತ್ತಾರಲ್ಲ, ಅಂಥ ಯಂತ್ರಗಳ ಲೆಕ್ಕಾಚಾರದಲ್ಲಿ ಈ ವಿಧಾನ ಬಹಳ ಬಳಕೆಗೆ ಬಂತು. 1977ರಲ್ಲಿ ಅವರು ಇಂಗ್ಲೆಂಡಿನ ರಾಯಲ್ ಸೊಸೈಟಿಯ ಸದಸ್ಯರಾದರು. ನೊಬೆಲ್ ಬರಲಿಲ್ಲ. ಬರಬೇಕಿತ್ತು ಎನ್ನುವವರು ಬಹಳ ಮಂದಿ. ನಾನೂ ಅವರಲ್ಲಿ ಒಬ್ಬ.

ಕೊನೆಯ ವರ್ಷಗಳು ಸುಖದ್ದಾಗಿರಲಿಲ್ಲ. ಪಾರ್ಕಿನ್‌ಸನ್ ಕಾಯಿಲೆ ಅವರನ್ನು ಹಿಡಿಯಿತು. ಇದು ನರಮಂಡಲದ್ದೇ ಕಾಯಿಲೆ. ಮಿದುಳಿನ ಒಂದು ಭಾಗದಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ಮೆಲ್ಲಗೆ ಸಾಯುತ್ತವೆ. ಕೈ ನಡುಗುತ್ತದೆ, ನಡಿಗೆ ನಿಧಾನವಾಗುತ್ತದೆ. 1998ರಲ್ಲಿ ಪತ್ನಿ ರಾಜಲಕ್ಷ್ಮಿ ತೀರಿಕೊಂಡರು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ರಾಮಚಂದ್ರನ್ ಕೊನೆಯುಸಿರೆಳೆದರು. ಆಗ ಅವರಿಗೆ 78 ವರ್ಷ.

ಅದೇ 2001ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಂದು ಹೊಸ ಸಾಧನಕ್ಕೆ ಒಪ್ಪಿಗೆ ಕೊಟ್ಟರು. ದನದ ಸ್ನಾಯುರಜ್ಜುವಿನ ಕೊಲಾಜೆನ್ ತೆಗೆದು, ಶುದ್ಧಮಾಡಿ ರೂಪಿಸಿದ ಸಣ್ಣ ಬಿಳಿ ನಳಿಕೆ. ತುಂಡಾದ ನರಗಳಿಗಾಗಿ ಮಾಡಿದ್ದು.

ನರಕ್ಕೆ ದಾರಿ

ಈಗ ಮಹದೇವಪುರದ ಆ ಕಾರ್ಮಿಕರ ಮಣಿಕಟ್ಟಿಗೆ ಮರಳೋಣ. ಅಲ್ಲಿನ ನರ ಪೆನ್ಸಿಲ್‌ಗಿಂತ ಸಣ್ಣ. ಆದರೂ ಅದರೊಳಗೆ ಸಾವಿರಾರು ಎಳೆಗಳಿವೆ. ದೇಹವೇ ಒಂದೊಂದು ಎಳೆಗೂ ಸುತ್ತಲೂ ಸೂಕ್ಷ್ಮವಾದ ಕೊಲಾಜೆನ್ ಹೊದಿಕೆ ಕಟ್ಟಿದೆ. ನರ ತುಂಡಾದಾಗ ಬೆರಳಿನ ಕಡೆಯ ಎಳೆಗಳು ಸತ್ತುಹೋಗುತ್ತವೆ. ತೋಳಿನ ಕಡೆಯ ತುದಿಗಳು ಬದುಕಿದ್ದು, ಮತ್ತೆ ಮೊಳಕೆಯೊಡೆದು ಮುಂದಕ್ಕೆ ಬೆಳೆಯುತ್ತವೆ. ಹಂಬು ಹಬ್ಬಲು ಚಪ್ಪರ ಬೇಕಲ್ಲವೇ? ಚಪ್ಪರ ಇಲ್ಲದಿದ್ದರೆ ನೆಲದಲ್ಲೇ ಗೋಜಲಾಗುತ್ತದೆ. ನರದ ಮೊಳಕೆಗಳೂ ದಾರಿ ಸಿಗದಿದ್ದರೆ ಅಲ್ಲಲ್ಲೇ ಸುತ್ತಿಕೊಂಡು ನೋವಿನ ಗಂಟಾಗುತ್ತವೆ.

ಎರಡು ತುದಿಗಳು ಹತ್ತಿರ ಇದ್ದರೆ ವೈದ್ಯರು ಕೂದಲಿಗಿಂತ ತೆಳುವಾದ ದಾರದಿಂದ ನೇರ ಹೊಲಿಯುತ್ತಾರೆ. ನಡುವೆ ತುಂಡು ನಷ್ಟವಾಗಿದ್ದರೆ, ರೋಗಿಯ ಕಾಲಿನ ಹಿಂಭಾಗದಿಂದ ಒಂದು ನರ ತೆಗೆದು ಇಲ್ಲಿ ಜೋಡಿಸುವುದುಂಟು. ಹಾಗೆ ಮಾಡಿದರೆ ಪಾದದ ಹೊರಬದಿ ಮರಗಟ್ಟುತ್ತದೆ. ಒಂದು ಕಡೆ ಕೊಟ್ಟು ಇನ್ನೊಂದು ಕಡೆ ಪಡೆದಂತೆ. ಅಂತರ ಚಿಕ್ಕದಾಗಿದ್ದರೆ ಕೊಲಾಜೆನ್ ನಳಿಕೆ ಸಾಕು. ನರದ ಒಂದು ತುದಿಯನ್ನು ಈ ಬಾಯಿಗೆ, ಇನ್ನೊಂದನ್ನು ಆ ಬಾಯಿಗೆ ಸೇರಿಸಿ ಹೊಲಿಯುತ್ತಾರೆ. ಮೊಳಕೆಗಳು ಒಳಗೊಳಗೇ ದಾರಿ ಹಿಡಿಯುತ್ತವೆ. ನಳಿಕೆಯ ಗೋಡೆ ಪೋಷಕಾಂಶಗಳನ್ನು ಒಳಗೆ ಬಿಡುತ್ತದೆ, ಸುತ್ತಲಿನ ಕಲೆಕಟ್ಟುವ ಅಂಗಾಂಶವನ್ನು ಹೊರಗೆ ತಡೆಯುತ್ತದೆ. ಹೆಚ್ಚಿನ ಪ್ಲಾಸ್ಟಿಕ್ಕುಗಳಂತೆ ಅದು ದೇಹದೊಳಗೆ ಹಾಗೆಯೇ ಉಳಿಯುವುದಿಲ್ಲ. ತನ್ನದೇ ಕೊಲಾಜೆನ್ನಿನಂತೆ ಇರುವುದರಿಂದ ದೇಹ ಅದನ್ನು ಕ್ರಮೇಣ ಕರಗಿಸಿಕೊಳ್ಳುತ್ತದೆ.

ಇದರಿಂದ ಎಲ್ಲವೂ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಅಂತರ ಉದ್ದವಾಗಿದ್ದರೆ ಈಗಲೂ ಕಾಲಿನ ನರವೇ ಮೇಲು. ಬೆನ್ನುಹುರಿ ತುಂಡಾದರೆ ಈ ನಳಿಕೆ ನಡೆಯುವುದಿಲ್ಲ. ಅಲ್ಲಿನ ಎಳೆಗಳು ಕೈಯ ನರದಂತೆ ಸುಲಭವಾಗಿ ಮತ್ತೆ ಬೆಳೆಯುವುದೇ ಇಲ್ಲ. ಕೊಲಾಜೆನ್ ಸ್ಪಂಜು, ಮೃದುವಾದ ಜೆಲ್‌ಗಳನ್ನು ಇಟ್ಟು ಅಲ್ಲಿಯೂ ದಾರಿ ಮಾಡಲು ಹಲವು ದೇಶಗಳಲ್ಲಿ ಪ್ರಯೋಗಗಳು ನಡೆದಿವೆ. ರಾಮಚಂದ್ರನ್ ಅವರನ್ನು ಕಾಡಿದ ಪಾರ್ಕಿನ್‌ಸನ್‌ಗೂ, ಹೊಸ ಜೀವಕೋಶಗಳನ್ನು ಇಂಥ ಜೆಲ್‌ನಲ್ಲಿಟ್ಟು ಮಿದುಳಿಗೆ ಸೇರಿಸಬಹುದೇ ಎಂದು ಪರೀಕ್ಷಿಸುತ್ತಿದ್ದಾರೆ. ಇವು ಯಾವುವೂ ಇನ್ನೂ ಆಸ್ಪತ್ರೆಯ ದಿನನಿತ್ಯದ ಚಿಕಿತ್ಸೆ ಆಗಿಲ್ಲ.

ಕೈಯ ನರ ಮಾತ್ರ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆಯುತ್ತದೆ. ನಿಮ್ಮ ಸ್ಕೇಲು ತೆಗೆದು ಮನೆಯ ದೊಡ್ಡವರೊಬ್ಬರ ಮಣಿಕಟ್ಟಿನಿಂದ ತೋರುಬೆರಳ ತುದಿಯವರೆಗೆ ಅಳೆದು ನೋಡಿ. ಹದಿನೆಂಟು ಸೆಂಟಿಮೀಟರ್ ಇದ್ದರೆ ಎಷ್ಟು ದಿನ ಆಯಿತು? ವೈದ್ಯರು ಆಗಾಗ ಆ ಕೈಯನ್ನು ಮೇಜಿನ ಮೇಲೆ ಇರಿಸಿ, ಬೆರಳ ತುದಿಯಿಂದ ಮಣಿಕಟ್ಟಿನ ಕಡೆಗೆ ತಮ್ಮ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾ ಹೋಗುತ್ತಾರೆ. ಮೊಳಕೆಗಳು ಎಲ್ಲಿಯವರೆಗೆ ತಲುಪಿವೆಯೋ ಅಲ್ಲಿ ತಟ್ಟಿದಾಗ ಕೈ ಝುಂ ಎನ್ನುತ್ತದೆ. ಮುಂದಿನ ತಿಂಗಳು ಬಂದಾಗ ಆ ಜಾಗ ಸುಮಾರು ಮೂರು ಸೆಂಟಿಮೀಟರ್ ಬೆರಳಿನ ಕಡೆಗೆ ಸರಿದಿರುತ್ತದೆ.